ಠಾಣೆಯ ಗಡಿಯಾರ ಯಾವಾಗ ಶುರುವಾಗುತ್ತದೆ?

ಪೊಲೀಸರ ಕೈಗೆ ಸಿಕ್ಕ ಮನುಷ್ಯನಿಗೆ ಭಾರತದ ಕಾನೂನು ಕೊಟ್ಟಿರುವ ರಕ್ಷಣೆ ಬ್ರಿಟನ್ನಿನದಕ್ಕಿಂತ ಕಡಿಮೆಯೇನಲ್ಲ. ಕೆಲವು ಕಡೆ ಜಾಸ್ತಿಯೇ ಇದೆ. ಇಲ್ಲಿ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರ ಮುಂದೆ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ‘ಇಲ್ಲಿನ ಪೊಲೀಸರು ಸಭ್ಯರು, ನಮ್ಮವರು ಹಾಗಲ್ಲ, ಅಷ್ಟೇ’ ಎಂದು ಮಾತು ಮುಗಿಸಿಬಿಡುತ್ತಾರೆ. ಎಷ್ಟೋ ವರ್ಷಗಳಿಂದ ಇಲ್ಲೇ ಇರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಹುಟ್ಟಿನಿಂದಲೇ ಸಭ್ಯರಾದ ಪೊಲೀಸರು ಯಾವ ದೇಶದಲ್ಲೂ ಇಲ್ಲ. ಇಲ್ಲಿನವರೂ ಹೊಡೆದಿದ್ದಾರೆ, ಬಲವಂತದ ಹೇಳಿಕೆ ಪಡೆದಿದ್ದಾರೆ, ನಿರಪರಾಧಿಗಳನ್ನು ಜೈಲಿಗೆ ಕಳಿಸಿದ್ದಾರೆ.

ತಪ್ಪೊಪ್ಪಿಗೆಯ ವಿಷಯವನ್ನೇ ನೋಡಿ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಪೊಲೀಸ್ ಅಧಿಕಾರಿಯ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಇದನ್ನು ಮೊದಲು ಬರೆದವರು ಬ್ರಿಟಿಷರು. ಮದ್ರಾಸ್ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಚಿತ್ರಹಿಂಸೆಯ ಬಗ್ಗೆ 1855ರಲ್ಲೇ ಅವರ ಆಯೋಗ ವರದಿ ಕೊಟ್ಟಿತ್ತು. ಬಾಯಿ ಬಿಡಿಸುವುದಕ್ಕೆ ಪೊಲೀಸರು ಏನೆಲ್ಲ ಮಾಡುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಮ್ಮ ದೇಶದಲ್ಲಿ ಇಂಥ ನಿಯಮ ತರಲಿಲ್ಲ. ಇಂಗ್ಲೆಂಡಿನಲ್ಲಿ ಠಾಣೆಯಲ್ಲಿ ಹೇಳಿದ್ದು ಸಾಮಾನ್ಯವಾಗಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಡೆಯುತ್ತದೆ. 1974ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಆರು ಮಂದಿ ಐರಿಶ್ ಗಂಡಸರನ್ನು ಹಿಡಿದರು. ನಾಲ್ವರು ಹೇಳಿಕೆಗೆ ಸಹಿ ಹಾಕಿದರು, ಹೊಡೆದು ಹಾಕಿಸಿದರು ಎಂದು ಕೋರ್ಟಿನಲ್ಲಿ ಹೇಳಿದರು, ಯಾರೂ ಕೇಳಲಿಲ್ಲ. ಆರೂ ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಶಿಕ್ಷೆ ರದ್ದಾಗಿ ಅವರು ಹೊರಗೆ ಬಂದದ್ದು 1991ರಲ್ಲಿ.

ಸುಮ್ಮನಿರುವ ಹಕ್ಕಿನಲ್ಲೂ ನಮ್ಮ ಕಾನೂನೇ ಗಟ್ಟಿ. 1994ರ ಒಂದು ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಪೊಲೀಸರ ಪ್ರಶ್ನೆಗೆ ಬಾಯಿ ಬಿಡದೆ ಆಮೇಲೆ ಕೋರ್ಟಿನಲ್ಲಿ ಸಮಜಾಯಿಷಿ ಕೊಟ್ಟರೆ, ಜ್ಯೂರಿ ಆ ಮೌನವನ್ನು ಆರೋಪಿಯ ವಿರುದ್ಧ ಲೆಕ್ಕಕ್ಕೆ ಹಿಡಿಯಬಹುದು. ನಮ್ಮ ಸಂವಿಧಾನದ 20ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಒತ್ತಾಯಿಸಬಾರದು ಎನ್ನುತ್ತದೆ.

ಹಾಗಾದರೆ ನಮ್ಮ ಲಾಕಪ್‌ಗಳಲ್ಲಿ ಜನ ಯಾಕೆ ಸಾಯುತ್ತಾರೆ? 2017ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗಿನ ಐದು ವರ್ಷಗಳಲ್ಲಿ ಪೊಲೀಸ್ ಕಸ್ಟಡಿಯಲ್ಲಿ 669 ಸಾವು ದಾಖಲಾಗಿವೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಎಲ್ಲವೂ ಹೊಡೆತದಿಂದ ಆದ ಸಾವು ಎಂದು ನಾನು ಹೇಳುತ್ತಿಲ್ಲ. ಕಾಯಿಲೆ, ಆತ್ಮಹತ್ಯೆ ಕೂಡ ಅದರಲ್ಲಿ ಸೇರಿವೆ. ಆದರೆ ಸರ್ಕಾರದ ಕೈಯಲ್ಲಿದ್ದ ಜೀವಗಳು ಅವು. ಹೇಗೆ ಹೋದವು ಎಂಬುದಕ್ಕೆ ಸರ್ಕಾರವೇ ಉತ್ತರ ಕೊಡಬೇಕು.

ನಾನು ಇಲ್ಲಿ ಬಿಡುವಿನ ವೇಳೆಯಲ್ಲಿ ಕಸ್ಟಡಿ ವಿಸಿಟರ್ ಆಗಿ ಕೆಲಸ ಮಾಡುತ್ತೇನೆ. ಸಂಬಳವಿಲ್ಲದ ಕೆಲಸ. 1981ರ ಲಂಡನ್ನಿನ ಬ್ರಿಕ್ಸ್‌ಟನ್ ಗಲಭೆಯ ನಂತರ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ ಕೊಟ್ಟ ವರದಿಯಿಂದ ಹುಟ್ಟಿದ ಪದ್ಧತಿ ಇದು. 2002ರಿಂದ ಇದಕ್ಕೆ ಕಾನೂನಿನ ಬಲವಿದೆ. ಇಬ್ಬಿಬ್ಬರು ಸಾಮಾನ್ಯ ನಾಗರಿಕರು, ಮುಂಚಿತವಾಗಿ ತಿಳಿಸದೆ, ಯಾವ ಹೊತ್ತಿನಲ್ಲಾದರೂ ಬಂಧಿತರನ್ನು ಇರಿಸುವ ಠಾಣೆಗೆ ಹೋಗಬಹುದು. ನಮ್ಮನ್ನು ಕಾಯಿಸದೆ ಒಳಗೆ ಬಿಡಬೇಕು. ಸೆಲ್‌ನಿಂದ ಸೆಲ್‌ಗೆ ಹೋಗಿ ಕೇಳುತ್ತೇವೆ: ಊಟ ಕೊಟ್ಟರಾ? ಹಕ್ಕುಗಳನ್ನು ತಿಳಿಸಿದರಾ? ಮನೆಯವರಿಗೆ ಹೇಳಿದರಾ? ವೈದ್ಯರು ಬೇಕಾ? ಕೇಸಿನ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಬಂಧಿತರು ಒಪ್ಪಿದರೆ ಅವರ ದಾಖಲೆ ತೆಗೆದು ನೋಡುತ್ತೇವೆ. ಒಮ್ಮೆ ಒಬ್ಬರಿಗೆ ದಿನನಿತ್ಯದ ಮಾತ್ರೆ ಕೊಡುವುದು ತಡವಾಗಿತ್ತು. ಅವರು ಕೇಳಿದ ಹೊತ್ತು, ಕೊಟ್ಟ ಹೊತ್ತು ಎರಡೂ ದಾಖಲೆಯಲ್ಲಿತ್ತು. ಯಾಕೆ ತಡವಾಯಿತು ಎಂದು ಅಲ್ಲಿನ ಸಾರ್ಜೆಂಟ್ ವಿವರಣೆ ಕೊಡಬೇಕಾಯಿತು. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಮಾತ್ರೆಯ ಹೊತ್ತನ್ನೂ ಬರೆದಿಡಬೇಕಾದ ಜಾಗದಲ್ಲಿ ಮನುಷ್ಯನನ್ನು ಹೊಡೆದು ಮುಚ್ಚಿಡುವುದು ಸುಲಭವಲ್ಲ.

ಈ ಸಾರ್ಜೆಂಟ್ ಯಾರು ಎಂಬುದು ಬಹಳ ಮುಖ್ಯ. 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ, ಇಲ್ಲಿ ಎಲ್ಲರೂ ‘ಪೇಸ್’ ಅನ್ನುತ್ತಾರೆ, ತನಿಖೆ ಮಾಡುವವರನ್ನೂ ಬಂಧಿತನ ಜವಾಬ್ದಾರಿ ಹೊತ್ತವರನ್ನೂ ಬೇರೆ ಮಾಡಿತು. ಕಸ್ಟಡಿ ಸಾರ್ಜೆಂಟ್‌ಗೂ ಆ ಕೇಸಿಗೂ ಸಂಬಂಧ ಇರಬಾರದು. ಹಿಡಿದು ತಂದವನನ್ನು ಇಟ್ಟುಕೊಳ್ಳಲು ಕಾರಣ ಇದೆಯಾ ಎಂದು ಅವರು ತೀರ್ಮಾನಿಸುತ್ತಾರೆ. ಇಲ್ಲ ಎಂದಾದರೆ ಬಿಟ್ಟು ಕಳಿಸಬೇಕು. ಸಾಮಾನ್ಯವಾಗಿ ಠಾಣೆಗೆ ಬಂದ ನಿಮಿಷದಿಂದ ಗಡಿಯಾರ ಶುರು. ಮೊದಲ ಸಲ ಆರು ಗಂಟೆಯೊಳಗೆ, ಆಮೇಲೆ ಒಂಬತ್ತು ಗಂಟೆಗೊಮ್ಮೆ ಮೇಲಿನ ಅಧಿಕಾರಿ ಬಂಧನ ಇನ್ನೂ ಬೇಕಾ ಎಂದು ಪರಿಶೀಲಿಸಬೇಕು. ವಕೀಲರು ಉಚಿತ, ಬಡವನಿಗೂ ಶ್ರೀಮಂತನಿಗೂ. ವಿಚಾರಣೆ ರೆಕಾರ್ಡ್ ಆಗುತ್ತದೆ. ಸಾಮಾನ್ಯ ಅಪರಾಧಗಳಲ್ಲಿ ಆರೋಪ ಹೊರಿಸದೆ 96 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಷ್ಟಕ್ಕೂ ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ಇದೆಲ್ಲ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. 1972ರಲ್ಲಿ ಲಂಡನ್ನಿನ ಒಂದು ಕೊಲೆ ಕೇಸಿನಲ್ಲಿ ಮೂವರು ಹುಡುಗರು ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದರು. ಒಬ್ಬನ ವಯಸ್ಸು 14. ಇನ್ನೊಬ್ಬನಿಗೆ 18 ಆಗಿದ್ದರೂ ಬುದ್ಧಿ ಮಗುವಿನದು. 1975ರಲ್ಲಿ ಅವರ ತಪ್ಪೊಪ್ಪಿಗೆಗಳು ನಂಬುವಂಥದ್ದಲ್ಲ ಎಂದಾಯಿತು. ಅದರ ಬಗ್ಗೆ ತನಿಖಾ ವರದಿ, ರಾಯಲ್ ಕಮಿಷನ್ ಎಂಬ ಸರ್ಕಾರಿ ಆಯೋಗ, ಆಮೇಲೆ ಈ ಪೇಸ್ ಕಾಯ್ದೆ. ಸರ್ಕಾರ ತನ್ನ ತಪ್ಪಿನ ಬಗ್ಗೆ ಪೂರ್ತಿ ವಿಚಾರಣೆ ಮಾಡಿಸಿಕೊಂಡಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಭಾರತದಲ್ಲಿ ಗಡಿಯಾರ ಇನ್ನೂ ಬಿಗಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಆದರೆ ಆ ಗಡಿಯಾರದ ಕೀಲಿ ಪೊಲೀಸರ ಕೈಯಲ್ಲೇ ಇದೆ. ‘ಅರೆಸ್ಟ್ ಮಾಡಿಲ್ಲ, ಸುಮ್ನೆ ವಿಚಾರಣೆಗೆ ಕರೆಸಿದ್ದೀವಿ’ ಎನ್ನುವ ಮಾತು ಕೇಳದವರು ಯಾರಿದ್ದಾರೆ? ಎರಡು ದಿನ ಠಾಣೆಯಲ್ಲಿ ಕೂರಿಸಿ, ಮೂರನೇ ದಿನ ದಸ್ತಗಿರಿ ಎಂದು ಬರೆದರೆ ಕಾಗದದಲ್ಲಿ ಎಲ್ಲ ಸರಿ. ಮನುಷ್ಯ ಮುರಿದುಹೋಗುವುದು ಆ ಬರೆಯದ ಎರಡು ದಿನಗಳಲ್ಲಿ.

1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಗಳು ಚೆನ್ನಾಗಿವೆ. ಬಂಧನದ ಮೆಮೋಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಆದರೆ ಬರೆಯುವವರು ಯಾರು? ಕೇಸು ಬೇಗ ಮುಗಿಸಬೇಕೆಂಬ ಒತ್ತಡದಲ್ಲಿರುವ ಅದೇ ಠಾಣೆಯವರು. ಹಿಡಿದವರು, ಇಟ್ಟುಕೊಂಡವರು, ಪ್ರಶ್ನಿಸುವವರು, ಡೈರಿ ಬರೆಯುವವರು ಎಲ್ಲ ಒಬ್ಬ ಇನ್‌ಸ್ಪೆಕ್ಟರ್ ಕೈಕೆಳಗೆ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ತಂದೆ-ಮಗ ಇಬ್ಬರೂ ಪೊಲೀಸರ ಹೊಡೆತದಿಂದ ಸತ್ತರು. ಆ ಠಾಣೆಯಲ್ಲಿ ಕ್ಯಾಮೆರಾ ಇತ್ತು. ದೃಶ್ಯಗಳು ದಿನಾ ತಾವಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಿಡಲಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ದನಿಸಹಿತ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು ಎಂದಿತು. ಒಳ್ಳೆಯ ಆದೇಶ. ಆದರೆ ಕ್ಯಾಮೆರಾದ ಸ್ವಿಚ್ಚು ಕೂಡ ಠಾಣೆಯೊಳಗೇ ಇದೆ, ಅಲ್ವಾ?

ನಿಯಮ ಮುರಿದರೆ ಪೊಲೀಸರಿಗೆ ಏನು ನಷ್ಟ? ಎರಡು ದೇಶಗಳ ನಡುವಿನ ದೊಡ್ಡ ವ್ಯತ್ಯಾಸ ನನಗೆ ಕಂಡದ್ದು ಇಲ್ಲಿ. ದಬ್ಬಾಳಿಕೆಯಿಂದ ಪಡೆದ ತಪ್ಪೊಪ್ಪಿಗೆ ಇಂಗ್ಲೆಂಡಿನಲ್ಲಿ ಕೋರ್ಟಿನ ಬಾಗಿಲು ದಾಟುವಂತಿಲ್ಲ. ದಬ್ಬಾಳಿಕೆ ಮಾಡಿಲ್ಲ ಎಂದು ಕೇಸು ನಡೆಸುವ ಸರ್ಕಾರಿ ವಕೀಲರೇ ಸಾಬೀತು ಮಾಡಬೇಕು. ಬೇರೆ ಸಾಕ್ಷ್ಯವನ್ನೂ, ಅದು ವಿಚಾರಣೆಯ ನ್ಯಾಯಕ್ಕೆ ಧಕ್ಕೆ ತರುತ್ತದೆ ಅನ್ನಿಸಿದರೆ, ನ್ಯಾಯಾಧೀಶರು ಪಕ್ಕಕ್ಕೆ ಇಡಬಹುದು. ಹೀಗಾಗಿ ನಿಯಮ ಮುರಿದ ಪೊಲೀಸನಿಗೆ ತನ್ನ ಕೇಸೇ ಕೈತಪ್ಪುವ ಭಯವಿದೆ. ನಮ್ಮಲ್ಲಿ ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪಿನಿಂದ ಈಚೆಗೆ, ಶೋಧ ಅಕ್ರಮವಾಗಿದ್ದರೂ ಅದರಲ್ಲಿ ಸಿಕ್ಕ ವಸ್ತು ಸಾಮಾನ್ಯವಾಗಿ ಸಾಕ್ಷ್ಯವಾಗಿ ನಡೆಯುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯದಿದ್ದರೂ, ಅದರ ಬಲದಿಂದ ಏನಾದರೂ ವಸ್ತು ಸಿಕ್ಕರೆ ಅಷ್ಟು ಭಾಗ ನಡೆಯುತ್ತದೆ. ಹೊಡೆದು ಬಾಯಿ ಬಿಡಿಸುವುದಕ್ಕೆ ಅಷ್ಟು ಆಸೆ ಸಾಕು.

ಬ್ರಿಟನ್ನನ್ನು ಹೊಗಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಭಯ ಬಂದಾಗ ಇಲ್ಲಿನ ಸರ್ಕಾರವೂ ಮೊದಲು ಕೈ ಹಾಕುವುದು ಜನರ ಹಕ್ಕಿಗೇ. ಅನುಮಾನವೇ ಇಲ್ಲದೆ ದಾರಿಹೋಕರನ್ನು ತಡೆದು ಶೋಧಿಸಲು 2000ದ ಭಯೋತ್ಪಾದನಾ ಕಾಯ್ದೆ ಅವಕಾಶ ಕೊಟ್ಟಿತ್ತು. 2010ರಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಇದು ತಪ್ಪು ಎಂದ ಮೇಲೆ ಅದು ನಿಂತಿತು. 2023ರ ಮೇ 6ರಂದು ರಾಜನ ಪಟ್ಟಾಭಿಷೇಕದ ದಿನ, ಬರೀ ಮೂರು ದಿನ ಹಿಂದೆ ಜಾರಿಗೆ ಬಂದ ಕಾನೂನಿನಡಿ ರಾಜಪ್ರಭುತ್ವ ಬೇಡ ಎನ್ನುವ ಸಂಘಟನೆಯವರನ್ನು ಹಿಡಿದರು. ಅವರ ಬಳಿ ಇದ್ದದ್ದು ಫಲಕಗಳನ್ನು ಕಟ್ಟುವ ಪಟ್ಟಿಗಳು. ಆಮೇಲೆ ಲಂಡನ್ ಪೊಲೀಸರು ವಿಷಾದ ಹೇಳಿದರು. 2025ರ ಆಗಸ್ಟ್‌ನಲ್ಲಿ ನಿಷೇಧಿತ ಸಂಘಟನೆಯನ್ನು ಬೆಂಬಲಿಸುವ ಫಲಕ ಹಿಡಿದು ಕೂತಿದ್ದಕ್ಕೆ ಸಂಸತ್ತಿನ ಎದುರು ಒಂದೇ ದಿನ 500ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅರವತ್ತು ದಾಟಿದವರು. ಫಲಕ ಹಿಡಿದವರನ್ನು ಭಯೋತ್ಪಾದನಾ ಕಾಯ್ದೆಯಡಿ ಎಳೆದೊಯ್ಯುವುದು ನನ್ನ ಪ್ರಕಾರ ಶುದ್ಧ ಅತಿರೇಕ.

ನಮ್ಮಲ್ಲೂ ಇದೇ ಕಥೆ. ಭಯೋತ್ಪಾದನೆ ತಡೆಗೆಂದು ತಂದ ಟಾಡಾ, ಪೋಟಾ ಕಾಯ್ದೆಗಳೆರಡೂ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಮಾಡಿದವು. ಅವೆರಡೂ ಹೋದವು. ಆದರೆ ಸಂಘಟಿತ ಅಪರಾಧ ತಡೆಗೆಂದು ಕರ್ನಾಟಕ 2000ದಲ್ಲಿ ಮಾಡಿದ ಕೋಕಾ ಕಾಯ್ದೆಯಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಇಂದಿಗೂ ನಡೆಯುತ್ತದೆ. ಇದರ ಬಗ್ಗೆ ಕನ್ನಡದಲ್ಲಿ ಚರ್ಚೆ ಎಷ್ಟು ಕಡಿಮೆ! ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 15 ದಿನಗಳ ಪೊಲೀಸ್ ಕಸ್ಟಡಿಯನ್ನು ಬಿಡಿಬಿಡಿಯಾಗಿ, ಅಪರಾಧ ಎಷ್ಟು ಗಂಭೀರ ಎಂದು ನೋಡಿಕೊಂಡು ಮೊದಲ 40 ಅಥವಾ 60 ದಿನಗಳಲ್ಲಿ ಹಂಚಿ ಕೇಳಬಹುದು. ಜೈಲಿನಲ್ಲಿರುವವನಿಗೆ ಮತ್ತೆ ಠಾಣೆಗೆ ಕರೆಯುತ್ತಾರೇನೋ ಎಂಬ ಭಯ ವಾರಗಟ್ಟಲೆ ಉಳಿಯುತ್ತದೆ. ಜಾಮೀನು ಕೇಳುವಾಗಲೂ ಇದೇ ಅಡ್ಡ ಬರುತ್ತದೆ ಎಂಬುದು ನನ್ನ ಆತಂಕ.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ಅದಕ್ಕೆ ದೆಹಲಿ ಮನಸ್ಸು ಮಾಡಬೇಕು. ಆದರೆ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಠಾಣೆಗೊಬ್ಬ ತನಿಖೆಯಿಂದ ದೂರವಿರುವ ಕಸ್ಟಡಿ ಅಧಿಕಾರಿಯನ್ನು ನೇಮಿಸುವುದು, ಯಾರೇ ಠಾಣೆಯ ಒಳಗೆ ಬಂದರೂ ವಿಚಾರಣೆಗೋ ದಸ್ತಗಿರಿಗೋ ಎಂದು ನೋಡದೆ ಹೊತ್ತು ಬರೆಯುವುದು, ಸಿಸಿಟಿವಿ ದೃಶ್ಯಗಳನ್ನು ಠಾಣೆಯ ಹೊರಗೆ ಕಾಪಾಡುವುದು, ಇವಕ್ಕೆ ಬೆಂಗಳೂರಿನಿಂದಲೇ ಆದೇಶ ಹೊರಡಬಹುದು. ಠಾಣೆಗಳಿಗೆ ಇಲಾಖೆಯ ಹೊರಗಿನವರನ್ನು ಸಂದರ್ಶಕರಾಗಿ ಕಳಿಸುವ ಬಗ್ಗೆ ಯೋಚಿಸಿ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ನಿವೃತ್ತ ಶಿಕ್ಷಕರು, ನರ್ಸ್‌ಗಳು, ಕಾಲೇಜು ಅಧ್ಯಾಪಕರು ಇದನ್ನು ಚೆನ್ನಾಗಿ ಮಾಡಬಲ್ಲರು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ ಇದರ ಬಗ್ಗೆ ಕೇಳಿ: ರಾತ್ರಿ ಎರಡು ಗಂಟೆಗೆ ಠಾಣೆಯ ಬಾಗಿಲು ತಟ್ಟಿ ಒಳಗೆ ಹೋಗುವ ಅಧಿಕಾರವನ್ನು ಸಾಮಾನ್ಯ ನಾಗರಿಕರಿಗೆ ಕೊಡುತ್ತೀರಾ, ಇಲ್ಲವಾ?