ಬೆಣ್ಣೆ ಎಲ್ಲಿ ಹೋಯ್ತು ಸ್ವಾಮಿ?

2024ರಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಆ ಮಹಾ ಅನ್ಯಾಯ ನಿಮಗೂ ನೆನಪಿರಬಹುದು. ಹಳೇ ಬಂಗಲೆ, ಕೋಟೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ತನ್ನ ಕೆಫೆಗಳಲ್ಲಿ ಚಹಾ ಜೊತೆ ಕೊಡುವ, ಬನ್ನಿನಂಥ ಸ್ಕೋನ್‌ಗೆ ಬೆಣ್ಣೆಯನ್ನೇ ಹಾಕುತ್ತಿರಲಿಲ್ಲವಂತೆ! ಪತ್ರಿಕೆಗಳು ಬಾಯಿ ಬಡಿದುಕೊಂಡವು. ಇದು ಎಷ್ಟೋ ವರ್ಷಗಳಿಂದ ಹೀಗೇ ಇದೆ, ಬೆಣ್ಣೆ ಬೇಕಾದವರು ಮೇಲೆ ಹಚ್ಚಿಕೊಂಡು ತಿನ್ನಬಹುದು ಅಂತ ಟ್ರಸ್ಟ್ ಹೇಳಿತು. ಅಂದರೆ ಇಷ್ಟು ವರ್ಷ ಬಾಯಿ ಚಪ್ಪರಿಸಿಕೊಂಡು ತಿಂದವರಿಗೆ ಪೇಪರ್ ಓದಿದ ಮೇಲೆ ರುಚಿ ಕೆಟ್ಟಿತು. ದಾವಣಗೆರೆಯವರಿಗೆ ಈ ಸಂಕಟ ಅರ್ಥವಾದೀತು.

ಸರಿ, ಬೆಣ್ಣೆ ವಿಷಯದಲ್ಲಿ ರಾಜಿ ಬೇಡ. ಆದರೆ ಸ್ಕೋನ್ ತಿನ್ನುವ ಮುಂಚೆ ಈ ಜನ ಟಿಕೆಟ್ ಕೊಟ್ಟು ನೋಡುವುದು ಏನನ್ನು?

ಇದೇ ಟ್ರಸ್ಟಿನ ಕೈಯಲ್ಲಿರುವ ವೇಲ್ಸಿನ ಪೋವಿಸ್ ಕ್ಯಾಸಲ್ ತಗೊಳ್ಳಿ. ಕೆಂಪು ಕಲ್ಲಿನ ಕೋಟೆ, ಗುಡ್ಡದ ಮೇಲಿಂದ ಹಂತ ಹಂತವಾಗಿ ಇಳಿಯುವ ತೋಟ. ಒಳಗೊಂದು ರಾಜವೈಭವದ ಮಲಗುವ ಕೋಣೆ, ಮಂಚದ ಮುಂದೆ ಒಂದು ಕಟಕಟೆ. ಆರೋಪಿ ಯಾವ ಕಡೆ ನಿಲ್ಲಬೇಕು ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಈ ಟ್ರಸ್ಟಿನ ಮನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕುರ್ಚಿಗಳು. ‘ಕೂರಬಾರದು, ಕೂತರೆ ದಂಡ’ ಅನ್ನುವ ನಮ್ಮ ಶೈಲಿಯ ಬೋರ್ಡು ಅಲ್ಲಿಲ್ಲ. ಸೀಟಿನ ಮೇಲೆ ಒಂದು ಒಣಗಿದ ಮುಳ್ಳುಹೂವನ್ನೋ ಪೈನ್ ಕಾಯಿಯನ್ನೋ ಇಟ್ಟಿರುತ್ತಾರೆ, ಅಷ್ಟೇ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದ ಹಾಗೆ. ಯಾರೂ ಕೂರುವುದಿಲ್ಲ. ಎಂಥಾ ಸಭ್ಯ ಜನ! 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಿಂಹಾಸನದ ಮೇಲೂ ಯಾರಾದರೂ ಒಂದು ಮುಳ್ಳು ಇಟ್ಟಿದ್ದರೆ ಸಾಕಿತ್ತು ಅನ್ನಿಸುತ್ತದೆ. ಇಡಲಿಲ್ಲ. ಹಾಗಾಗಿ ಊರು ಗೆದ್ದ ಬ್ರಿಟಿಷರು ಅದನ್ನು ಒಡೆದು ಪಾಲು ಹಾಕಿಕೊಂಡರು.

ಅದರ ಚಿನ್ನದ ಪುಟ್ಟ ಹುಲಿತಲೆಗಳಲ್ಲಿ ಒಂದು ಈಗ ಇದೇ ಪೋವಿಸ್‌ನಲ್ಲಿದೆ. ಟಿಪ್ಪುವಿನ ಡೇರೆಯೂ ಇಲ್ಲೇ. ಹೂಗಳ ಚಿತ್ರವಿರುವ ಹತ್ತಿ ಬಟ್ಟೆಯ ಡೇರೆ, ಬಣ್ಣ ಮಾಸದಿರಲಿ ಅಂತ ಮಂದ ಬೆಳಕಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಹಿಂದೆ ಈ ಮನೆಯವರು ಅದನ್ನು ತೋಟದ ಪಾರ್ಟಿಗಳಿಗೆ ಕಟ್ಟುತ್ತಿದ್ದರಂತೆ. ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ರಾಬರ್ಟ್ ಕ್ಲೈವನ ಮಗ. ಅವನ ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದವಳು. 1800ರಲ್ಲಿ ಆಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ ಸುತ್ತಿದಳು. ಟೂರ್ ಹೋದ ಮೇಲೆ ಏನಾದರೂ ತರಬೇಕಲ್ವಾ. ನಾವು ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತರುತ್ತೇವೆ. ಅವರವರ ಯೋಗ್ಯತೆ!

ಆ ಮನೆತನದ ಸಂಯಮವನ್ನು ಮೆಚ್ಚಬೇಕು. ಬಂಗಾಳದಲ್ಲಿ ದುಡ್ಡು ಬಾಚಿದ್ದಕ್ಕೆ ಲೆಕ್ಕ ಕೇಳಿದಾಗ ಅಪ್ಪ ಕ್ಲೈವ್, ಅಷ್ಟೆಲ್ಲ ಎದುರಿಗಿದ್ದರೂ ಇಷ್ಟೇ ತಗೊಂಡೆನಲ್ಲ, ನನ್ನ ಸಂಯಮ ಕಂಡು ನನಗೇ ಆಶ್ಚರ್ಯವಾಗುತ್ತಿದೆ ಅಂತ ಪಾರ್ಲಿಮೆಂಟಿಗೇ ಹೇಳಿದ್ದ.

2020ರಲ್ಲಿ ಇದೇ ಟ್ರಸ್ಟ್ ಒಂದು ವರದಿ ತಂದಿತು. ತನ್ನ 93 ಜಾಗಗಳಿಗೆ ವಸಾಹತು ಆಳ್ವಿಕೆಯ, ಗುಲಾಮಗಿರಿಯ ನಂಟಿದೆ ಅಂತ ಪಟ್ಟಿ ಕೊಟ್ಟಿತು. ಒಂದು ಸಾಮಾನನ್ನೂ ವಾಪಸ್ ಕೊಡುತ್ತೇವೆ ಅನ್ನಲಿಲ್ಲ, ಸುಮ್ನೆ ಪಟ್ಟಿ. ಅದಕ್ಕೇ ಸಂಸದರು ಸಿಟ್ಟಿನ ಪತ್ರ ಬರೆದರು. ಚರ್ಚಿಲ್ ಮನೆ ಚಾರ್ಟ್‌ವೆಲ್ಲಿನ ಹೆಸರು ಹೇಗೆ ಸೇರಿಸಿದಿರಿ ಅಂತ ಕೂಗಾಡಿದರು. ದತ್ತಿ ಸಂಸ್ಥೆಗಳ ಆಯೋಗ ಪರಿಶೀಲನೆ ಮಾಡಿ, ಕಾನೂನೇನೂ ಮುರಿದಿಲ್ಲ ಅಂತ ಹೇಳಬೇಕಾಯಿತು. ಕದ್ದದ್ದಕ್ಕೆ ತನಿಖೆಯಿಲ್ಲ, ಪಟ್ಟಿ ಬರೆದದ್ದಕ್ಕೆ ಇದೆ.

ಇದಕ್ಕಿಂತ ಚೆಂದದ್ದು 2021ರಲ್ಲಿ ನಡೆಯಿತು. ಅದೇ ಸಿಂಹಾಸನದ ಇನ್ನೊಂದು ಹುಲಿತಲೆಗೆ ಬ್ರಿಟನ್ ಸರ್ಕಾರ ರಫ್ತು ತಡೆ ಹಾಕಿತು. ಬೆಲೆ 15 ಲಕ್ಷ ಪೌಂಡ್. ಕಾರಣ? ಇಂಥ ಅಮೂಲ್ಯ ವಸ್ತು ದೇಶ ಬಿಟ್ಟು ಹೋಗಬಾರದು, ಇಲ್ಲಿಯವರೇ ಯಾರಾದರೂ ಕೊಂಡು ದೇಶಕ್ಕೆ ಉಳಿಸಿಕೊಡಲಿ.

ಯಾವ ದೇಶಕ್ಕೆ ಸ್ವಾಮಿ? ನಗಬೇಕು ಅಂತ ಕೂತೆ, ನಗು ಬರಲಿಲ್ಲ. ಶ್ರೀರಂಗಪಟ್ಟಣ ಬಿದ್ದಾಗ ಗೆದ್ದ ಸೈನಿಕರು ಅಲ್ಲಿನ ಬೀದಿಗಳಲ್ಲಿ ರಾತ್ರಿಯಿಡೀ ಮನೆಗಳಿಗೆ ನುಗ್ಗಿದರು. ಟಿಪ್ಪುವಿನ ಗೆಳೆಯರ ಮನೆ, ಟಿಪ್ಪುವನ್ನು ಕಂಡರಾಗದವರ ಮನೆ ಅಂತ ಯಾರೂ ವಿಚಾರಿಸಲಿಲ್ಲ. ಆ ಮಾಲಿಗೆ ಇವತ್ತು ‘ರಾಷ್ಟ್ರೀಯ ಪರಂಪರೆ’ ಅಂತ ಹೆಸರು. ಓದಿ ಓದಿ ಸಾಕಾಗಿದೆ.

ಇತ್ತ ನಾವು? ಪ್ರತಿ ನವೆಂಬರ್‌ನಲ್ಲಿ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ಗಂಟಲು ಹರಿದುಕೊಳ್ಳುತ್ತೇವೆ. ಡೇರೆ ಯಾರ ಮನೆಯಲ್ಲಿದೆ ಅಂತ ಕೇಳುವುದಕ್ಕೆ ಎರಡೂ ಕಡೆಯವರಿಗೆ ಪುರುಸೊತ್ತಿಲ್ಲ. ಕೈಯಿಂದ ದುಡ್ಡು ಹಾಕಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗ ಕೊಂಡವರು ನಮ್ಮ ವಿಜಯ್ ಮಲ್ಯ. ಆಮೇಲೆ ಅದು ಅಪಶಕುನ ಅಂತ ಮನೆಯವರು ಹೇಳಿದ್ದರಿಂದ ಯಾರಿಗೋ ಕೊಟ್ಟುಬಿಟ್ಟರಂತೆ. ಮಲ್ಯ ಅವರು 2016ರಲ್ಲಿ ಲಂಡನ್ನಿಗೆ ಹೋದವರು ಇನ್ನೂ ವಾಪಸ್ ಬಂದಿಲ್ಲ. ಅವರ ಮೇಲೂ ರಫ್ತು ತಡೆ ಇದೆಯೋ ಏನೋ.