75 ಸುತ್ತುಗಳ ಲೆಕ್ಕ

ಹಿಂದಿನ ಬಾಕ್ಸಿಂಗ್ ಚಾಂಪಿಯನ್‌ಗಳು 75 ಸುತ್ತು ಕಾದಾಡುತ್ತಿದ್ದರು, ಇಂದಿನವರದು 12ಕ್ಕೇ ಮುಗಿಯುತ್ತದೆ, ಆದ್ದರಿಂದ ಎದುರುಬದುರು ನಿಲ್ಲಿಸಿದರೆ ಹಳಬರೇ ಗೆಲ್ಲುತ್ತಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. 75 ಸುತ್ತುಗಳ ಪಂದ್ಯ ನಡೆದದ್ದು ನಿಜ. ತಪ್ಪಿರುವುದು ‘ಸುತ್ತು’ ಎಂಬ ಪದಕ್ಕೆ ಎರಡೂ ಕಾಲದಲ್ಲಿ ಒಂದೇ ಅರ್ಥವಿತ್ತೆಂದು ಭಾವಿಸುವುದರಲ್ಲಿ.

1889ರ ಜುಲೈ 8ರಂದು ಅಮೆರಿಕದ ಮಿಸಿಸಿಪಿಯಲ್ಲಿ ಬರಿಗೈಯಲ್ಲಿ ನಡೆದ ಆ ಹೆವಿವೇಟ್ ಪಂದ್ಯಕ್ಕೆ ಅನ್ವಯಿಸಿದ್ದು ಹಳೆಯ ಲಂಡನ್ ನಿಯಮಗಳು. ಅವುಗಳ ಪ್ರಕಾರ, ಹತ್ತು ಸೆಕೆಂಡಾಗಿರಲಿ, ಹತ್ತು ನಿಮಿಷವಾಗಿರಲಿ, ಒಬ್ಬನು ನೆಲಕ್ಕೆ ಬಿದ್ದೊಡನೆ ಸುತ್ತು ಮುಗಿದು ಅರ್ಧ ನಿಮಿಷದ ಬಿಡುವು ಸಿಗುತ್ತಿತ್ತು. ಎದುರಾಳಿಯನ್ನು ಕುಸ್ತಿಯಂತೆ ಎತ್ತಿ ಕೆಡವಿದರೂ ಸುತ್ತು ಮುಗಿದಂತೆಯೇ. ಈಗ ಪುರುಷರ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸುತ್ತೆಂದರೆ ಗಡಿಯಾರದ 3 ನಿಮಿಷ, ನಡುವೆ 1 ನಿಮಿಷ ವಿರಾಮ.

ಇಂಥ ಹೋಲಿಕೆಯನ್ನು ಪರೀಕ್ಷಿಸಲು ಸುತ್ತುಗಳ ಸಂಖ್ಯೆಗಿಂತ ಮೊದಲು ಪಂದ್ಯದ ನಿಯಮವನ್ನೂ ಒಟ್ಟು ಅವಧಿಯನ್ನೂ ಹುಡುಕಿ ನೋಡಬಹುದು. ಆ ಪಂದ್ಯ ನಡೆದದ್ದು ಸುಮಾರು 2 ಗಂಟೆ 16 ನಿಮಿಷ. ಇಂದಿನ ಅಳತೆಯಲ್ಲಿ 75 ಸುತ್ತುಗಳಿಗೆ, ವಿರಾಮ ಸೇರಿ, ಹೆಚ್ಚುಕಡಿಮೆ 5 ಗಂಟೆ ಬೇಕು. ಜುಲೈ ಬಿಸಿಲಿನಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಕಾದಾಡಿದ್ದು ಸಣ್ಣ ಸಾಧನೆಯೇನಲ್ಲ, ಆದರೆ ಗ್ಲೌಸ್ ತೊಟ್ಟು, ಬೀಳದೆ 36 ನಿಮಿಷ ಆಡುವುದು ಬೇರೆಯೇ ಆಟ.