ಕಿತ್ತಳೆ ಮೂತಿಯ ಮರ್ಯಾದೆ ಪ್ರಶ್ನೆ

ಏರ್‌ಸಾಫ್ಟ್ ಗನ್ ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು. ಅದನ್ನು ಕೊಳ್ಳುವವನಿಗೆ ಎರಡೇ ಆಸೆ. ಗನ್ನು ಥೇಟ್ ಅಸಲಿ ಬಂದೂಕಿನ ಹಾಗೆ ಕಾಣಬೇಕು. ಆದರೆ ಅದನ್ನು ಯಾರೂ ಅಸಲಿ ಅಂದುಕೊಳ್ಳಬಾರದು. ಈ ಎರಡು ವರವನ್ನೂ ಒಟ್ಟಿಗೆ ಕೊಡುವ ದೇವರು ಇನ್ನೂ ಪ್ರತ್ಯಕ್ಷವಾಗಿಲ್ಲ. ತಪಸ್ಸು ಮಾತ್ರ ನಡೆದೇ ಇದೆ.

ಇಂಥ ಗನ್ ಹಿಡಿದು ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳುವ ಈ ಆಟ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಜನಸಾಮಾನ್ಯರಿಗೆ ಅಸಲಿ ಬಂದೂಕು ಸಿಗುವುದು ಬಹಳ ಕಷ್ಟ. ಹಾಗಾಗಿ ನಕಲಿಯನ್ನೇ ಶ್ರದ್ಧೆಯಿಂದ ಮಾಡಿದರು. ಎಷ್ಟು ಶ್ರದ್ಧೆ ಅಂದರೆ ತೂಕ, ಬಣ್ಣ, ಗನ್ನಿನ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್ ಎಳೆದಾಗಿನ 'ಖಟಕ್' ಸದ್ದು ಎಲ್ಲವೂ ಅಸಲಿಯದ್ದೇ. ಒಳಗಿಂದ ಬರುವುದು ಮಾತ್ರ 6 ಮಿಲಿಮೀಟರ್‌ನ ಪ್ಲಾಸ್ಟಿಕ್ ಗುಂಡು. ಆದರೆ ಆ ಗುಂಡು ದಾರಿಹೋಕನಿಗೆ ಕಾಣಿಸಲ್ಲ, ಗನ್ ಕಾಣಿಸುತ್ತದೆ.

ಅಮೆರಿಕದವರು 1988ರಲ್ಲಿ ಒಂದು ಕಾನೂನು ತಂದರು. ಆಟಿಕೆ ಗನ್ನಿನ ಮೂತಿ ಕಿತ್ತಳೆ ಬಣ್ಣದ್ದಿರಬೇಕು. ಕಾರ್ಖಾನೆಯವರು ಪಾಪ, ಹಚ್ಚಿ ಕಳಿಸುತ್ತಾರೆ. ಕೊಂಡವರಲ್ಲಿ ಕೆಲವರು ಮನೆಗೆ ತಂದವರೇ ಅದಕ್ಕೆ ಕಪ್ಪು ಬಳಿಯುತ್ತಾರೆ. ಬ್ರಿಟನ್ನಿನಲ್ಲಿ ಅಸಲಿಯಂತೆ ಕಾಣುವುದು ಬೇಕೆಂದರೆ ನೀವು ನಿಜವಾಗಿ ಈ ಆಟ ಆಡುವವರು ಅಂತ ತೋರಿಸಬೇಕು. ಇಲ್ಲದಿದ್ದರೆ ಕಣ್ಣಿಗೆ ಹೊಡೆಯುವ ನೀಲಿಯೋ ಕೆಂಪೋ ಬಣ್ಣದ್ದೇ ಗತಿ. ಅಂಥದ್ದನ್ನು ಹಿಡಿದು ವೀರಾವೇಶ ತೋರಿಸುವುದು ಹೇಗೆ ಹೇಳಿ? ಮರ್ಯಾದೆ ಪ್ರಶ್ನೆ ಅಲ್ವಾ!

ಮರ್ಯಾದೆ ಉಳಿಸಿಕೊಂಡ ವೀರ ಅದೇ ಗನ್ನನ್ನು ಸೊಂಟಕ್ಕೆ ಸಿಕ್ಕಿಸಿ, ಮಿಲಿಟರಿ ಪ್ಯಾಂಟು ತೊಟ್ಟು ಬೀದಿಗಿಳಿಯುತ್ತಾನೆ. ಅದಕ್ಕೊಂದು ಚೀಲ ಇರುತ್ತದಪ್ಪ, ಅದರಲ್ಲಿ ಹಾಕ್ಕೊಂಡು ಹೋಗು ಅಂದರೆ ಮುಖ ಸಪ್ಪಗಾಗುತ್ತದೆ. ಯಾರೋ ಹೆದರಿ ಪೊಲೀಸರಿಗೆ ಫೋನ್ ಮಾಡಿದರೆ ಕೂಗಾಡುತ್ತಾನೆ. 'ಇಷ್ಟೂ ಗೊತ್ತಾಗಲ್ವಾ, ಇದು ಆಟಿಕೆ!' ಅಂತಾನೆ. ಗೊತ್ತಾಗಬಾರದು ಅಂತಲೇ ಜಾಸ್ತಿ ದುಡ್ಡು ಕೊಟ್ಟು ತಂದವನು ಇವನೇ.

2014ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಪಾರ್ಕೊಂದರಲ್ಲಿ 12 ವರ್ಷದ ಹುಡುಗನ ಹತ್ತಿರ ಇಂಥದ್ದೇ ಗನ್ ಇತ್ತು. ಕಿತ್ತಳೆ ಮೂತಿ ಇರಲಿಲ್ಲ. ಪೊಲೀಸರು ಬಂದು ಸುಮಾರು ಎರಡು ಸೆಕೆಂಡಿನಲ್ಲಿ ಗುಂಡು ಹಾರಿಸಿದರು. ಹುಡುಗ ಉಳಿಯಲಿಲ್ಲ. ತಪ್ಪು ಪೊಲೀಸರದ್ದು ಅಂತ ನಾನೂ ಹೇಳುತ್ತೇನೆ. ಆದರೆ ಆ ಎರಡು ಸೆಕೆಂಡಿನ ಪರೀಕ್ಷೆಗೆ ಕೂರಲು ಬೆಳೆದ ಗಂಡಸರು ತಾವಾಗಿಯೇ ಗನ್ನಿನ ಮೂತಿಗೆ ಕಪ್ಪು ಬಳಿದುಕೊಂಡು ಹೊರಡುತ್ತಾರಲ್ಲ, ಅದು ನನ್ನ ತಲೆಗೆ ಹೋಗುತ್ತಿಲ್ಲ.

ಇನ್ನು ಕಣ್ಣಿನ ವಿಷಯ. 0.20 ಗ್ರಾಂ ತೂಕದ ಗುಂಡು ಒಂದು ಜೂಲ್ ಶಕ್ತಿಯಲ್ಲಿ ಹೊರಟರೆ ಸೆಕೆಂಡಿಗೆ 100 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 360 ಕಿಲೋಮೀಟರ್. ನಮ್ಮ ವೀರ ಗನ್ನಿಗೆ ದುರ್ಬೀನು ಹಾಕಿಸಿದ್ದಾನೆ, ಲೇಸರ್ ಹಾಕಿಸಿದ್ದಾನೆ, ಟಾರ್ಚ್ ಕೂಡ ಇದೆ. ತನ್ನ ಕಣ್ಣಿಗೆ ಮಾತ್ರ ಜಾತ್ರೆಯ ಕೂಲಿಂಗ್ ಗ್ಲಾಸ್. ಸುತ್ತ ಸಂದಿಲ್ಲದೆ ಮುಚ್ಚುವ ಗಾಗಲ್ಸ್ ಹಾಕಿದರೆ ಮಂಜು ಕಟ್ಟುತ್ತದಂತೆ, ಫೋಟೊ ಚೆನ್ನಾಗಿ ಬರಲ್ಲವಂತೆ. ಅಕ್ಕಪಕ್ಕದಲ್ಲಿ ನಿಂತು ನೋಡುವವರಿಗೆ ಅದೂ ಇಲ್ಲ. ಅವರು ಅಭಿಮಾನಿಗಳು, ತಡೆದುಕೊಳ್ಳುತ್ತಾರೆ.

ಮನೆಯಲ್ಲಿ ಗನ್ನು ಗೋಡೆಯ ಮೇಲೆ, ಮಕ್ಕಳ ಕೈಗೆ ಎಟುಕುವಂತೆ. ಬೀಗದ ಪೆಟ್ಟಿಗೆಯಲ್ಲಿಟ್ಟರೆ ನೆಂಟರಿಗೆ ಕಾಣುವುದು ಹೇಗೆ? ನೆಂಟರು ಬಂದಾಗ ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್ ತೆಗೆದು 'ಖಾಲಿ ಇದೆ, ಹೆದರಬೇಡಿ' ಎನ್ನುತ್ತಾನೆ. ಮ್ಯಾಗಜೀನ್ ತೆಗೆದರೂ ಒಂದು ಗುಂಡು ಒಳಗೇ ಉಳಿದಿರಬಹುದು. ಅದನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ, ಖಾಲಿ ಮಾಡಿ, ಆಮೇಲೆ ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಬೇಕು. ಇದು ಗನ್ ಜೊತೆ ಬಂದ ಪುಸ್ತಕದಲ್ಲಿದೆ. ಪುಸ್ತಕ ಡಬ್ಬದಲ್ಲಿದೆ. ಡಬ್ಬ ಅಟ್ಟದ ಮೇಲಿದೆ.

ಹೊಸ ಟಿವಿಯ ನಡುವೆ ಒಂದು ತೂತು ಬಿದ್ದ ಮೇಲೆ ವೀರ ಅರೆಗಳಿಗೆ ಸುಮ್ಮನಿದ್ದ. ಆಮೇಲೆ ಫೋನ್ ತೆಗೆದು ವಿಡಿಯೊ ಮಾಡಿದ. 'ಗುರಿ ಪಕ್ಕಾ ಇದೆ ಗೆಳೆಯರೇ, ಐದಕ್ಕೆ ಐದು ಸ್ಟಾರ್.'